ಒಂದೇ ಗಡಿಗೆಯ ಬೆರಳುಗಳು

ನಮ್ಮೂರಿನಲ್ಲಿ ಇಬ್ಬರು ಎದುರಾದರೆ ಊಟವಾಯಿತೇ ಎಂದು ಕೇಳುವುದಿಲ್ಲ, "ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. ಕೇಳಿಸಿಕೊಂಡವರು ಅಂಗೈ ಚಾಚಿ, ಬೆರಳಿನ ಮೇಲಿನ ಶಾಯಿಯ ಗೆರೆ ತೋರಿಸಿ, "ಗಂಟು ದಾಟಿತು" ಎಂದೋ "ಉಗುರಿನ ಬುಡಕ್ಕೆ ಬಂತು" ಎಂದೋ ಹೇಳಿ ಮುಂದೆ ಹೋಗುತ್ತಾರೆ. ನಮ್ಮದು ಲಾಟೀನಿನ ಗಾಜು ಊದುವ ಊರು. ಇಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೈ ಕೊಯ್ದುಕೊಳ್ಳುತ್ತಾರೆ. ಚರ್ಮ ತಾನಾಗಿಯೇ ಕೂಡಿಕೊಳ್ಳುತ್ತದೆ, ನರ ಹಾಗಲ್ಲ. ತುಂಡಾದ ನರಕ್ಕೆ ಮುಂದೆ ಹೋಗುವ ಆಸೆಯೇನೋ ಇರುತ್ತದೆ, ದಾರಿ ಗೊತ್ತಿರುವುದಿಲ್ಲ. ದಾರಿ ಹಾಕಿಕೊಟ್ಟರೆ ದಿನಕ್ಕೊಂದು ರಾಗಿಕಾಳಿನಷ್ಟು ಬೆಳೆಯುತ್ತದೆ. ಬೆರಳಿನ ಮೇಲೆ ತಟ್ಟುತ್ತ ಹೋದರೆ ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ನರ ಬಂದಿದೆ ಎಂದು ಲೆಕ್ಕ, ಅಲ್ಲೊಂದು ಶಾಯಿಯ ಗೆರೆ. ಆ ದಾರಿ ಹಾಕುವವನು ನಾನು, ಗುರುಪಾದ.

ನನ್ನ ಮಷೀನಿಗೆ ಊರವರು ಜಿಲೇಬಿ ಮಷೀನು ಎನ್ನುತ್ತಾರೆ. ಸೂಜಿಯಂಥ ಮೂತಿಯಿಂದ ಲೋಳೆ ಎಳೆಎಳೆಯಾಗಿ ಸುತ್ತಿ ಬೀಳುವುದನ್ನು ಕಿಟಕಿಯಿಂದ ನೋಡಿದ ಯಾರೋ ಹೊಟ್ಟೆಬಾಕ ಇಟ್ಟ ಹೆಸರು. ಕೆರೆಯ ಪಾಚಿಯನ್ನು ಗಡಿಗೆಯಲ್ಲಿ ನಲವತ್ತು ದಿನ ಮಾಗಿಸಿ ತೆಗೆದ ಲೋಳೆ ಅದು. ಗಾಯವಾದವರ ಚರ್ಮದಿಂದಲೇ ಬೆಳೆಸಿದ ಜೀವಕೋಶಗಳನ್ನು ಅದರಲ್ಲಿ ಕಲಸಿ, ಶಾವಿಗೆಯಷ್ಟು ದಪ್ಪದ ಕೊಳವೆಯನ್ನು ಪದರಪದರವಾಗಿ ಅಚ್ಚು ಹಾಕುತ್ತೇನೆ. ಕೊಳವೆಯೊಳಗೆ ಕೂದಲಿಗಿಂತ ತೆಳುವಾದ ಹದಿನಾರು ಓಣಿಗಳು. ನೀಲಿ ದೀಪ ಹಿಡಿದರೆ ಲೋಳೆ ಗಟ್ಟಿಯಾಗುತ್ತದೆ. ಡಾಕ್ಟರಮ್ಮ ಅದನ್ನು ಬೆರಳೊಳಗೆ ಇಟ್ಟು ಹೊಲಿಯುತ್ತಾರೆ. ನರ ಓಣಿ ಹಿಡಿದು ನಡೆಯುತ್ತದೆ. ಅದು ತುದಿ ಮುಟ್ಟುವ ಹೊತ್ತಿಗೆ ಲೋಳೆ ಕರಗಿ ಹೋಗಿರುತ್ತದೆ. ಬೇರೆ ಊರುಗಳಲ್ಲಿ ಎಂಟು ಓಣಿ ಹಾಕಲಿಕ್ಕೇ ಕೈ ನಡುಗುತ್ತದಂತೆ. ನಾನು ಹದಿನಾರು ಹಾಕಿ, ಅದರೊಳಗೊಂದು ಅಡ್ಡಓಣಿ ಬಿಟ್ಟು, ಮೂಲೆಯಲ್ಲಿ ನನ್ನ ಹೆಸರಿನ ಮೊದಲ ಅಕ್ಷರವನ್ನೂ ಹಾಕುತ್ತೇನೆ. ಒಮ್ಮೆ ಅಚ್ಚು ನಡೆದಿರುವಾಗಲೇ ಭೂಕಂಪವಾಯಿತು. ಊರೆಲ್ಲ ಅಲುಗಿತು, ನನ್ನ ಕೈ ಅಲುಗಲಿಲ್ಲ. ಆಮೇಲೆ ಊರೇ ನನ್ನ ಕೈ ನೋಡಿಕೊಂಡು ಸರಿಯಾಗಿ ನಿಂತಿತು. ನಂಬದವರು ಊರನ್ನು ಬಂದು ನೋಡಬಹುದು, ಈಗಲೂ ನಿಂತಿದೆ.

ಈ ಕೆಲಸಕ್ಕೆ ಒಂದೇ ಕಟ್ಟಳೆ: ಒಂದು ಗಡಿಗೆಗೆ ಒಬ್ಬ ಮನುಷ್ಯ. ಒಂದೇ ಗಡಿಗೆಯ ಲೋಳೆ ಇಬ್ಬರ ಕೈಗೆ ಹೋದರೆ ಒಬ್ಬರು ಮುಟ್ಟಿದ್ದು ಇನ್ನೊಬ್ಬರಿಗೂ ತಿಳಿಯುತ್ತದೆ. ಮೆಲ್ಲಗೆ ಮುಟ್ಟಿದರೆ ಪಂಚೆಯ ಮೇಲಿಂದ ಮುಟ್ಟಿದಷ್ಟು, ಚುಚ್ಚಿದರೆ ಪೂರ್ತಿ. ನನ್ನ ಅಜ್ಜನ ಕಾಲದಲ್ಲಿ ಹಾಗೆ ಆದ ಇಬ್ಬರು ಅಡುಗೆಯವರು ಇಡೀ ಊರಿನ ಮದುವೆಗಳನ್ನು ಕೆಡಿಸಿದ್ದರಂತೆ. ಅಂದಿನಿಂದ ಉಳಿದ ಲೋಳೆಯನ್ನು ಅಂಗಳದ ಹೊಂಗೆ ಮರದ ಬುಡಕ್ಕೆ ಸುರಿದು, ಗಡಿಗೆಯನ್ನು ಹೊಸಿಲ ಮೇಲೆ ಒಡೆಯಬೇಕು. ಆ ಮರಕ್ಕೆ ಈಗ ಕಚಗುಳಿ ಇಟ್ಟರೆ ಎಲೆ ಉದುರಿಸಿ ನಗುತ್ತದೆ. ಕಟ್ಟಳೆ ಮೀರಿ ಇಬ್ಬರು ಒಂದೇ ಗಡಿಗೆಯವರೆಂದು ಗೊತ್ತಾದರೆ, ಎರಡನೆಯದಾಗಿ ಹಾಕಿಸಿಕೊಂಡವರ ನರವನ್ನು ತೆಗೆದುಬಿಡುತ್ತಾರೆ. ಒಂದು ಬೆರಳು ಒಂದೇ ಸಲ ಅಚ್ಚು ಹಿಡಿಯುತ್ತದೆ. ತೆಗೆದರೆ ಆ ಬೆರಳು ಅಲ್ಲಿಗೆ ಕಟ್ಟಿಗೆ.

ಇಷ್ಟು ಗೊತ್ತಿದ್ದೂ ನಾನು ಒಂದೇ ಗಡಿಗೆಯಿಂದ ಎರಡು ಬೆರಳು ಅಚ್ಚು ಹಾಕಿದೆ. ಯಾಕೆಂದು ಹೇಳುತ್ತೇನೆ.

ಮೊದಲನೆಯ ಬೆರಳು ಕಾಶವ್ವನದು, ಬಲಗೈ ತೋರುಬೆರಳು. ಕಾಶವ್ವ ಗಾಜಿನ ಕಾರಖಾನೆಯ ಪಡಸಾಲೆಯಲ್ಲಿ ಅಂಚು ನೋಡುವವಳು. ತಣ್ಣಗಾದ ಗಾಜಿನ ಬಾಯಿಯ ಸುತ್ತ ಬೆರಳು ಆಡಿಸಿ, ಕೂದಲೆಳೆಯಷ್ಟು ಮುಳ್ಳು ಇದ್ದರೂ ಹಿಡಿದು ಪಕ್ಕಕ್ಕಿಡುತ್ತಾಳೆ. ಬೆರಳಿಗಿಂತ ನಾಲಿಗೆ ಚುರುಕು. ಐವತ್ತು ದಾಟಿದ್ದಾಳೆ, ಅವಳೆದುರು ಕುಲುಮೆಯ ಗಂಡಸರು ದನಿ ತಗ್ಗಿಸುತ್ತಾರೆ. ಒಡೆದ ಗಾಜೊಂದು ಅವಳ ಬೆರಳ ಬುಡವನ್ನೇ ಕೊಯ್ದಿತ್ತು. ಅಚ್ಚು ಹಾಕಿ ಕೊಟ್ಟೆ.

ಮಾರನೆಯ ದಿನವೇ ವಾಮನ ಮಾಸ್ತರರನ್ನು ಕರೆತಂದರು. ಡಬ್ಬಿಯ ಮುಚ್ಚಳ ತೆರೆಯಲು ಹೋಗಿ ಬಲಗೈ ತೋರುಬೆರಳನ್ನು ಕೊಯ್ದುಕೊಂಡಿದ್ದರು. ಮಾಸ್ತರರಿಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಗಾಜು ಊದುವವರು ಕೆಲಸ ಮಾಡುವ ದೊಡ್ಡ ಕೋಣೆಯಲ್ಲಿ, ಕುಲುಮೆಯ ಹಾಲಿನಲ್ಲಿ, ಅವರು ಕಥೆ ಓದುತ್ತಾರೆ. ಕಾದ ಗಾಜಿನ ಬಣ್ಣ ಸರಿಯಾಗಿ ಕಾಣಬೇಕೆಂದು ಆ ಹಾಲಿನಲ್ಲಿ ಕಿಟಕಿಗೆಲ್ಲ ಕಂಬಳಿ ಹೊದಿಸಿ ಕತ್ತಲು ಮಾಡಿರುತ್ತಾರೆ. ಆ ಕತ್ತಲಲ್ಲಿ ಪುಸ್ತಕ ಓದಬಲ್ಲವರು ಬ್ರೈಲ್ ಚುಕ್ಕಿಯ ಮೇಲೆ ಬೆರಳು ಆಡಿಸುವವರು ಮಾತ್ರ. ಎರಡು ನೂರು ಜನ ಅವರ ದನಿಗೆ ಉಸಿರು ಹೊಂದಿಸಿ ಗಾಜು ಊದುತ್ತಾರೆ. ಅವರು ಒಂದು ದಿನ ಓದದಿದ್ದರೆ ಗಾಜು ಸೊಟ್ಟ ಬರುತ್ತದೆ. ಇದು ನಾನು ಉಬ್ಬಿಸಿ ಹೇಳುತ್ತಿರುವುದಲ್ಲ.

ಅಂದು ಮಾಗಿದ ಗಡಿಗೆ ಇನ್ನೊಂದಿರಲಿಲ್ಲ. ಮುಂದಿನದಕ್ಕೆ ಇನ್ನೂ ಮೂವತ್ತು ದಿನ. ಅಷ್ಟರಲ್ಲಿ ತುಂಡಾದ ನರದ ತುದಿ ಮುದುಡಿ ಗಂಟಾಗಿಬಿಡುತ್ತದೆ.

"ಗುರುಪಾದ, ನಂಗ ಇರೋದು ಇದೊಂದ ಕಣ್ಣು," ಎಂದು ಮಾಸ್ತರರು ಬಟ್ಟೆ ಸುತ್ತಿದ ಬೆರಳು ಎತ್ತಿ ಹಿಡಿದರು. "ಬ್ಯಾರೆ ಬೆರಳಿಗೆ ಓದು ಬರೂದಿಲ್ಲ. ಆಗಲ್ಲಂದ್ರ ಆಗಲ್ಲ ಅಂತ ಈಗ ಹೇಳಿಬಿಡು. ಆಸೆ ಹಚ್ಚಬ್ಯಾಡ."

ನನಗೆ ಆಗಲ್ಲ ಎಂಬ ಮಾತು ಹೇಳಿ ಅಭ್ಯಾಸವಿಲ್ಲ. "ಮಾಸ್ತರ, ಬರೇ ಬೆರಳಲ್ರಿ, ನೀವು ಕೇಳಿದ್ರ ಆರನೇ ಬೆರಳು ಹಾಕಿ ಕೊಡ್ತೀನಿ," ಎಂದೆ. ಕಾಶವ್ವನ ಗಡಿಗೆಯನ್ನು ನಾನಿನ್ನೂ ಒಡೆದಿರಲಿಲ್ಲ. ಮರದ ಬುಡಕ್ಕೆ ಒಂದು ಚೊಂಬು ಅನ್ನದ ಗಂಜಿ ಸುರಿದು, ಹೊಸಿಲ ಮೇಲೆ ಬೇರೆ ಖಾಲಿ ಗಡಿಗೆ ಒಡೆದೆ. ಮರ ಒಂದು ವಾರ ನನ್ನ ಕಡೆ ಮುಖ ಮಾಡಲಿಲ್ಲ. ಹೊಸ ಗಡಿಗೆಯೆಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ನಂಬಿ ಹೊಲಿದರು.

ಎರಡು ತಿಂಗಳಿಗೆ ಇಬ್ಬರ ನರವೂ ತುದಿ ಮುಟ್ಟಿತು. ಮಾಸ್ತರರು ಕುಲುಮೆಗೆ ಮರಳಿದರು. ಹಾಲಿನವರು ಚಪ್ಪಾಳೆ ಹೊಡೆದ ಸದ್ದಿಗೆ ನಲವತ್ತು ಗಾಜು ಬಿರುಕು ಬಿಟ್ಟವು. ಅವರು ಹಿಡಿದದ್ದು ದೊಡ್ಡ ಪುಸ್ತಕ, ಸೂಗಮ್ಮ ಎಂಬ ಅಂಬಿಗಿತ್ತಿಯ ಕಥೆ. ಮೂರನೆಯ ದಿನ ಕಾಶವ್ವ ನನ್ನ ಬಾಗಿಲು ಒದ್ದುಕೊಂಡು ಬಂದಳು.

"ಏ ಜಿಲೇಬಿ! ನನ್ನ ಬೆರಳಾಗ ಏನ್ ತುಂಬೀಯೋ? ಮುಂಜಾನಿಂದ ಇರುವಿ ಹರದಾಡಾಕತ್ತಾವ!"

"ನರ ಬಲಿಯಾಕತ್ತೈತಿ ಕಾಶವ್ವಾ. ನನ್ನ ಅಚ್ಚು ಅಂದ್ರ ಹಂಗ. ಬ್ಯಾರೆಯವ್ರು ಹಾಕಿದ್ರ ಇಷ್ಟು ಜೋರು ಇರಾಂಗಿಲ್ಲ."

"ಬಾಯಿಗೆ ಬೀಗ ಹಾಕ. ನಾ ಐವತ್ತು ವರ್ಷದಾಗ ಇರುವಿ ನೋಡೀನಿ. ಯಾವ ಇರುವೀನೂ ಎಡಕ್ಕಿಂದ ಬಲಕ್ಕ ಸಾಲಾಗಿ ಹೋಗಿ, ತಿರುಗಿ ಮತ್ತ ಎಡಕ್ಕ ಬಂದು ಕೆಳಗಿನ ಸಾಲು ಹಿಡಿಯೂದಿಲ್ಲ."

ನಾನು ಮಷೀನಿನ ಮೂತಿ ಒರೆಸತೊಡಗಿದೆ. ಅವಳು ನನ್ನ ಮುಖವನ್ನೇ ನೋಡಿದಳು, ಬೆರಳು ನೋಡಿಕೊಂಡಳು, ಗೋಡೆಯಾಚೆ ಕಾರಖಾನೆಯ ಕಡೆ ನೋಡಿದಳು. ಇನ್ನೇನು ಊರು ಸೇರಿಸುತ್ತಾಳೆ ಎಂದುಕೊಂಡೆ. ಅವಳು ಸೆರಗಿನಲ್ಲಿ ಬೆರಳು ಸುತ್ತಿಕೊಂಡು, ಮಲಗಿದ ಕೂಸನ್ನು ಎತ್ತಿಕೊಂಡವಳ ಹಾಗೆ ಮೆಲ್ಲಗೆ ಹೊರಟುಹೋದಳು.

ಯಾಕೆಂದು ಆಮೇಲೆ ತಿಳಿಯಿತು. ಪಡಸಾಲೆಯ ಹೆಂಗಸರಿಗೆ ಮೂವತ್ತು ವರ್ಷದಿಂದ ಒಂದು ಸಂಕಟವಿತ್ತು. ಕಥೆ ಕುಲುಮೆಯ ಗಂಡಸರಿಗೆ ಮಾತ್ರ. ಪಡಸಾಲೆಗೆ ಮಾಸ್ತರರ ದನಿ ಮುಟ್ಟುವುದಿಲ್ಲ. ಗಂಡಸರನ್ನು ಕೇಳಿದರೆ, "ಏನೋ ದೋಣಿ, ಏನೋ ಹೊಳಿ, ಯಾರೋ ಅತ್ತರು," ಎಂದು ತುತ್ತು ನುಂಗುತ್ತ ಮುಗಿಸುತ್ತಾರೆ. ಕಾಶವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳೇನು ಮಾಡಿದಳೆಂದರೆ, ಬಿಡುವಿನಲ್ಲಿ ಬುತ್ತಿ ಹಿಡಿದು ಕುಲುಮೆಯ ಹಿಂಗೋಡೆಯ ಗವಾಕ್ಷಿಯ ಕೆಳಗೆ ಹೋಗಿ ಕುಳಿತಳು. ಮೇಲಿನಿಂದ ಮಾಸ್ತರರ ದನಿ, ಬೆರಳಲ್ಲಿ ಚುಕ್ಕಿ. 'ಸೂ' ಎಂದಾಗ ಯಾವ ಚುಕ್ಕಿ ಎದ್ದವು, 'ಗ' ಎಂದಾಗ ಯಾವುವು ಎಂದು ಹೊಂದಿಸಿಕೊಂಡಳು. ಕೂದಲೆಳೆಯ ಮುಳ್ಳು ಹಿಡಿಯುವ ಬೆರಳಿಗೆ ಇದ್ಯಾವ ದೊಡ್ಡದು? ಎಂಟು ತಿಂಗಳಲ್ಲಿ ಅವಳು ಓದತೊಡಗಿದಳು. ನಾನಾಗಿದ್ದರೆ ಮೂರು ದಿನದಲ್ಲಿ ಕಲಿಯುತ್ತಿದ್ದೆ, ಆ ಮಾತು ಬೇರೆ.

ಮಾಸ್ತರರಿಗೂ ತಮ್ಮ ಬೆರಳು ವಿಚಿತ್ರವಾಗಿದೆ ಎಂದು ಗೊತ್ತಾಗಿತ್ತು. ದಿನವಿಡೀ ಏನೋ ನುಣುಪಾದದ್ದು ದುಂಡಗೆ ಸುತ್ತುತ್ತಿತ್ತು. ಆಗೊಮ್ಮೆ ಈಗೊಮ್ಮೆ ಮುಳ್ಳು ಚುಚ್ಚಿ, ಓದುತ್ತಿರುವಾಗಲೇ "ಹಾ!" ಎಂದುಬಿಡುತ್ತಿದ್ದರು. ಸೂಗಮ್ಮನ ಸಂಕಟಕ್ಕೆ ಮಾಸ್ತರರು ಮರುಗುತ್ತಿದ್ದಾರೆ ಎಂದು ಹಾಲಿನವರು ಇನ್ನಷ್ಟು ಮೆಚ್ಚಿದರು. ಒಂದು ದಿನ ಅವರು ಮಧ್ಯಾಹ್ನದ ಊಟ ಮುಗಿಸಿ ಕೈ ಒರೆಸಿಕೊಂಡು ಸುಮ್ಮನೆ ಕೂತಿದ್ದರು. ಪುಸ್ತಕ ಮುಚ್ಚಿತ್ತು. ಬೆರಳ ತುದಿಯಲ್ಲಿ ಚುಕ್ಕಿಗಳು ಏಳತೊಡಗಿದವು. ಸ್ವಲ್ಪ ಸೊಟ್ಟ, ಸ್ವಲ್ಪ ದೂರ ದೂರ, ಆದರೆ ಅಕ್ಷರವೇ.

"ನಿಧಾನ ಓದ್ರಿ."

ಮಾಸ್ತರರು ಬೆವರಿ ನನ್ನ ಬಳಿ ಬಂದರು. ಅವರಿಗೆ ಸುಳ್ಳು ಹೇಳಲು ನನ್ನಂಥವನಿಗೂ ಆಗಲಿಲ್ಲ. ಎಲ್ಲ ಹೇಳಿದೆ. ಅವರು ತಮ್ಮ ಬೆರಳ ತುದಿಯನ್ನು ಸವರಿಕೊಂಡರು. ಆಮೇಲೆ, "ಅಕಿ ಯಾತರ ಮ್ಯಾಲ ಬರೀತಾಳ?" ಎಂದರು. ಅವರಿಗೆ ಅದೇ ಮುಖ್ಯವಾಗಿತ್ತು.

ಸಜ್ಜೆ ರೊಟ್ಟಿಯ ಮೇಲೆ ಬರೆಯುತ್ತಿದ್ದಳು. ನಮ್ಮಲ್ಲಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಸುಡುತ್ತಾರೆ. ಎಲ್ಲರೂ ಎಳ್ಳನ್ನು ಉದುರಿಸಿ ತಟ್ಟಿದರೆ ಇವಳು ಒಂದೊಂದೇ ಕಾಳು ಎತ್ತಿ, ಚುಕ್ಕಿ ಚುಕ್ಕಿಯಾಗಿ ಹಸಿ ರೊಟ್ಟಿಗೆ ಒತ್ತಿ, ಸುಟ್ಟು, ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಮಧ್ಯಾಹ್ನ ಅದರ ಮೇಲೆ ಬೆರಳು ಆಡಿಸಿ, ಮಾತು ಮುಟ್ಟಿತು ಎನಿಸಿದ ಮೇಲೆ ಬದನೆಕಾಯಿ ಪಲ್ಯದ ಜೊತೆ ತಿಂದುಬಿಡುತ್ತಿದ್ದಳು. ಊರಿನಲ್ಲಿ ಇಷ್ಟು ಪಕ್ಕಾ ಗುಟ್ಟು ಇನ್ನೊಂದಿರಲಿಲ್ಲ.

ಆದರೂ ಬಯಲಾಯಿತು, ಅದೂ ಅವಳದೇ ಬಾಯಿಂದ. ಮಾಸ್ತರರು ಮುಂಜಾನೆ ಚಹಾ ಕುಡಿಯುತ್ತ ಅಂದಿನ ಪುಟಗಳನ್ನು ಮನೆಯಲ್ಲಿ ಒಮ್ಮೆ ಓದಿಕೊಳ್ಳುತ್ತಿದ್ದರು. ಹಾಗಾಗಿ ಕಥೆ ಗಂಡಸರಿಗಿಂತ ಎರಡು ತಾಸು ಮೊದಲೇ ಕಾಶವ್ವನಿಗೆ ಸಿಗುತ್ತಿತ್ತು. ಮೂವತ್ತು ವರ್ಷ ಕಾದವಳು ಸುಮ್ಮನಿರುತ್ತಾಳೆಯೇ? ಪಡಸಾಲೆಯಲ್ಲಿ ಗಾಜು ಸುತ್ತುತ್ತ, "ಇವತ್ತು ಸೂಗಮ್ಮನ ದೋಣಿಗೆ ತೂತು ಬೀಳ್ತೈತಿ ನೋಡ್ರೇ," ಎಂದಳು. ಹೆಂಗಸೊಬ್ಬಳು ನೀರು ಕೊಡಲು ಹೋದಾಗ ಗಂಡನಿಗೆ ಹೇಳಿದಳು. ಗಂಡ ಪಕ್ಕದವನಿಗೆ ಹೇಳಿದ. ಮಾಸ್ತರರು ಪುಸ್ತಕ ತೆರೆದು ದೋಣಿಗೆ ತೂತು ಬಿತ್ತು ಎಂದು ಓದುವಷ್ಟರಲ್ಲಿ ಇಡೀ ಹಾಲು, "ಗೊತ್ತೈತಿ ಗೊತ್ತೈತಿ," ಎಂದಿತು.

ಹಾಲಿನ ಹಿರಿಯ ಯಮನಪ್ಪ. ಕಟ್ಟಳೆ ಕಾಯುವವನು ಅವನೇ. ಗಾಜು ಊದಿ ಊದಿ ಕೆನ್ನೆ ಜೋತುಬಿದ್ದ, ಒಳ್ಳೆಯ, ಆದರೆ ಮರೆಯದ ಮನುಷ್ಯ. ಮಾಸ್ತರರ "ಹಾ!"ಗಳನ್ನೂ ಕಾಶವ್ವನ ದೋಣಿಯ ತೂತನ್ನೂ ಅವನು ಒಟ್ಟಿಗೆ ಇಟ್ಟು ನೋಡಿದ. ನನ್ನ ಬಳಿ ಬಂದ.

"ಗುರುಪಾದ, ಇಬ್ರಿಗೂ ಒಂದ ವಾರದಾಗ ಹಾಕೀಯಲ್ಲ. ಗಡಿಗಿ ಬ್ಯಾರೆ ಬ್ಯಾರೆ ಹೌದಲ್ಲೋ?"

"ಯಮನಪ್ಪಣ್ಣ, ನನ್ನ ಮನ್ಯಾಗ ಗಡಿಗಿ ಎಷ್ಟು ಅದಾವಂದ್ರ, ಎಣಿಸಾಕ ಹೋದವ ಮುದುಕಾಗಿ ಹೊರಗ ಬರ್ತಾನ."

"ಹಂಗಾದ್ರ ಸೂಜಿಗೆ ಅಂಜೂದ್ಯಾಕ? ಸ್ವಾಮವಾರ ಮುಂಜಾನಿ ಸೂಜಿ."

ಸೂಜಿ ಎಂದರೆ ಪರೀಕ್ಷೆ. ಮೊದಲು ಹಾಕಿಸಿಕೊಂಡವರನ್ನು ಒಂದು ಕಡೆ ಕೂರಿಸಿ ಬೆರಳಿಗೆ ಹತ್ತು ಸಲ ಸೂಜಿ ಚುಚ್ಚುತ್ತಾರೆ. ಎರಡನೆಯವರನ್ನು ಬೇರೆ ಕಡೆ ಕೂರಿಸಿ ಕಾಯುತ್ತಾರೆ. ಒಂದು ಸಲ ಬೆಚ್ಚಿದರೂ ಮುಗಿಯಿತು. ಬೆಚ್ಚದಿದ್ದರೆ ಜೀವಮಾನವಿಡೀ ಇನ್ನು ಯಾರೂ ಕೇಳುವಂತಿಲ್ಲ. ಎರಡನೆಯವರು ಮಾಸ್ತರರು. ಅಂದರೆ ಹೋಗುವುದು ಅವರ ಓದುವ ಬೆರಳೇ.

ಆ ದಿನದಿಂದ ಮಾಸ್ತರರು ಚಹಾದ ಜೊತೆ ಓದುವುದನ್ನು ಬಿಟ್ಟರು. ಮುಂದಿನ ಪುಟದಲ್ಲಿ ಏನಿದೆ ಎಂದು ಅವರಿಗೂ ಗೊತ್ತಿಲ್ಲದಿದ್ದರೆ ಕಾಶವ್ವನಿಗೂ ಗೊತ್ತಾಗುವುದಿಲ್ಲ ಎಂಬ ಲೆಕ್ಕ. ಭಾನುವಾರದ ರೊಟ್ಟಿಯ ಮೇಲೆ ಅವಳು ಹೀಗೆ ಬರೆದಳು: "ತಪ್ಪು ನಂದು. ಸೂಜಿ ಬರೂ ಮೊದಲ ಹೆಬ್ಬೆಟ್ಟು ಒತ್ತತೀನಿ. ಗಟ್ಟಿ ಇರ್ರಿ."

ಸೋಮವಾರ ಹಾಲಿನ ಕತ್ತಲಲ್ಲಿ ಮಾಸ್ತರರು ಎಂದಿನ ಕುರ್ಚಿಯಲ್ಲಿ ಕೂತರು. ಯಮನಪ್ಪ ಅವರ ಹಿಂದೆ ನಿಂತು ಎರಡೂ ಭುಜದ ಮೇಲೆ ಕೈ ಇಟ್ಟ. ಬೆಚ್ಚಿದರೆ ಕೈಗೆ ತಿಳಿಯಬೇಕೆಂದು. ನಾನು ಗೋಡೆಗೆ ಒರಗಿ, ಕೈ ಎರಡೂ ಜೇಬಿನಲ್ಲಿಟ್ಟು ನಿಂತಿದ್ದೆ. ಪಡಸಾಲೆಯಲ್ಲಿ ಕಾಶವ್ವನೆದುರು ಸೂಜಿ ಹಿಡಿದು ಕೂತವಳು ಯಮನಪ್ಪನ ಹೆಂಡತಿ. ಕಾರಖಾನೆಯ ಗಂಟೆ ಬಾರಿಸಿದರು.

"ಓದ್ರಿ ಮಾಸ್ತರ," ಎಂದ ಯಮನಪ್ಪ.

ಮಾಸ್ತರರು ಓದಿದರು. ಹೊಳೆ ತುಂಬಿ ಬಂದಿದೆ. ಸೂಗಮ್ಮ ಒಬ್ಬಳೇ ದೋಣಿಯಲ್ಲಿದ್ದಾಳೆ. ತೂತಿಗೆ ತುರುಕಿದ ಬಟ್ಟೆ ಕಿತ್ತುಹೋಗಿದೆ. ಅಷ್ಟರಲ್ಲಿ ಹೆಬ್ಬೆಟ್ಟು ಮೆಲ್ಲಗೆ ಒತ್ತಿತು, ಸೂಜಿ ಬಂತು. ಮಾಸ್ತರರು ಅಲ್ಲಾಡಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದೂ. ಆಗ ಯಮನಪ್ಪನ ಹೆಂಡತಿಗೆ ಅನುಮಾನ ಬಂದು, "ಅದೇನ್ ಬೆರಳು ಹಿಸುಕಿಕೋತಿಯಬೇ?" ಎಂದು ಕಾಶವ್ವನ ಬೆರಳುಗಳನ್ನು ಬಿಡಿಸಿ ಹಲಗೆಯ ಮೇಲೆ ಒತ್ತಿ ಹಿಡಿದಳು, ಕಣ್ಣಿಗೆ ಸೆರಗು ಕಟ್ಟಿದಳು. ಇನ್ನು ಏಳು ಬಾಕಿ, ಯಾವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ನಾಲ್ಕನೆಯದು ಆಳಕ್ಕೆ ಹೋಯಿತು. ಬೆಂಕಿ ತಾಗಿದ ಹಾಗೆ ಬೆರಳ ತುದಿ ಉರಿಯಿತು. ಉರಿಯಲ್ಲಿ ಚುಕ್ಕಿಗಳೆಲ್ಲ ಮುಳುಗಿಹೋದವು. ಕಾಗದ ಇದೆಯೋ ಇಲ್ಲವೋ ಎಂದೇ ತಿಳಿಯದು. ಓದು ನಿಂತರೆ ಬೆಚ್ಚಿದ ಹಾಗೆಯೇ ಲೆಕ್ಕ. ಮಾಸ್ತರರು ಬೆರಳನ್ನು ಎಂದಿನ ವೇಗದಲ್ಲಿ ಸಾಲಿನ ಮೇಲೆ ಎಳೆಯುತ್ತಲೇ ಹೋದರು, ಬಾಯಿ ನಿಲ್ಲಲಿಲ್ಲ.

"...ದೋಣಿ ಮುಳುಗಿತು. ದಂಡೆಯ ಜನ ಅಯ್ಯೋ ಎಂದರು. ಆದರೆ ಆಚೆ ದಂಡೆಯಲ್ಲಿ ನೀರು ಒಡೆದು ಒಂದು ತಲೆ ಮೇಲೆ ಬಂತು. ಸೂಗಮ್ಮ! ಹಲ್ಲಿನಲ್ಲಿ ದೋಣಿಯ ಹಗ್ಗ ಕಚ್ಚಿ ಹಿಡಿದಿದ್ದಳು. ದೋಣಿಯನ್ನೂ ಎಳೆದುಕೊಂಡೇ ಬಂದಿದ್ದಳು..."

ಐದು, ಆರು, ಏಳು. ಸೂಗಮ್ಮ ದಂಡೆ ಹತ್ತಿದಳು. ಎಂಟಕ್ಕೆ ಸೀರೆ ಹಿಂಡಿಕೊಂಡಳು. ಒಂಬತ್ತಕ್ಕೆ, ಯಾರು ಅವಳ ದೋಣಿಗೆ ತೂತು ಕೊರೆದಿದ್ದನೋ ಅವನ ಮನೆಯ ಹಾದಿ ಹಿಡಿದಳು. ಹತ್ತನೆಯದು ಚುಚ್ಚುವ ಹೊತ್ತಿಗೆ ಹಾಲಿನವರು ಊದುವುದನ್ನೇ ಮರೆತು ಕೊಳವೆ ಹಿಡಿದು ನಿಂತಿದ್ದರು. "ಒದಿ ಬಾಗ್ಲಾ!" ಎಂದು ಯಾರೋ ಕೂಗಿದರು. ಕೂಗಿದವನು ಯಮನಪ್ಪ. ಅವನ ಕೈ ಮಾಸ್ತರರ ಭುಜ ಬಿಟ್ಟು ಯಾವಾಗಲೋ ಗಾಳಿಯಲ್ಲಿತ್ತು.

ಸೂಜಿ ಮುಗಿಯಿತೆಂದು ಮತ್ತೆ ಗಂಟೆ ಬಾರಿಸಿದರು. ಯಮನಪ್ಪ ಗಂಟಲು ಸರಿಮಾಡಿಕೊಂಡು, "ಬ್ಯಾರೆ ಗಡಿಗಿ," ಎಂದ. ಅಷ್ಟೇ. ಮಾಸ್ತರರ ಬೆರಳು ಉಳಿಯಿತು.

ಮಂಗಳವಾರ ಮುಂಜಾನೆ ಮಾಸ್ತರರು ಆ ಪುಟವನ್ನು ಮತ್ತೆ ತೆರೆದು ಸಾವಕಾಶವಾಗಿ ಓದಿದರು. ಪುಸ್ತಕದಲ್ಲಿ ಸೂಗಮ್ಮ ಸತ್ತಿದ್ದಳು. ದೋಣಿಯ ಜೊತೆ ತಳ ಸೇರಿದ್ದಳು. ಮುಂದಿನ ನೂರು ಪುಟ ಅವಳ ತಿಥಿ, ಅವಳ ಮಕ್ಕಳ ಜಗಳ. ಹಾಲಿನಲ್ಲಿ ಎರಡು ನೂರು ಜನ, ಬಾಗಿಲು ಒದೆಯಲು ಹೊರಟ ಸೂಗಮ್ಮನಿಗಾಗಿ ಕಾಯುತ್ತಿದ್ದರು. ಮಾಸ್ತರರು ನನ್ನ ಅಂಗಳಕ್ಕೆ ಬಂದು ಹೊಂಗೆ ಮರಕ್ಕೆ ಒರಗಿ ನಿಂತರು.

"ಗುರುಪಾದ, ನಿನ್ನೆ ಅದು ಹ್ಯಾಂಗ ಬಂತೋ ನಂಗ ಗೊತ್ತಿಲ್ಲ. ನೋವಿನಾಗ ಬಂತು. ನಂಗ ಓದಾಕ ಬರ್ತೈತಿ, ಕಟ್ಟಾಕ ಬರೂದಿಲ್ಲ. ಇವತ್ತು ಏನ್ ಓದ್ಲಿ? ಸೂಗಮ್ಮ ಸತ್ತಾಳ ಅಂದ್ರ ನಿನ್ನೆ ನಾ ಓದಿದ್ದು ಪುಸ್ತಕ ಅಲ್ಲಂತ ಯಮನಪ್ಪಗ ತಿಳೀತೈತಿ, ಗೆದ್ದ ಸೂಜಿ ಸೋತಾಂಗ."

"ನಾ ಹೇಳಿಕೊಡ್ತೀನ್ರಿ. ನಂಗ ಕಥಿ ಅಂದ್ರ ಉಸಿರಿದ್ಹಂಗ," ಎಂದೆ. ಸೂಗಮ್ಮ ಹಾರುವ ದೋಣಿ ಹತ್ತಿ, ಏಳು ಹುಲಿಗಳನ್ನು ಕೊಂದು, ಗುರುಪಾದನೆಂಬ ರಾಜನನ್ನು ಮದುವೆಯಾದದ್ದನ್ನು ವಿವರವಾಗಿ ಹೇಳಿದೆ. ಮಾಸ್ತರರು ಪೂರ್ತಿ ಕೇಳಿ, "ಬ್ಯಾಡಪಾ," ಎಂದು ಹೊರಟುಹೋದರು.

ಹಾಲಿನಲ್ಲಿ ಅವರು ಪುಸ್ತಕ ತೆರೆದು ಬೆರಳಿಟ್ಟು ಬಾಯಿ ತೆರೆಯದೆ ಕೂತರು. ಜನ ಕಾದರು. ಗಾಜು ಸೊಟ್ಟಗಾಗತೊಡಗಿತು. ಕಾಶವ್ವ ಅಷ್ಟು ಹೊತ್ತಿಗೆ ಪಡಸಾಲೆಯಲ್ಲಿ ಗಂಡಸರ ಬಾಯಿಂದ ನಿನ್ನೆಯದನ್ನೂ, ತನ್ನ ಬೆರಳಿನಿಂದ ಇವತ್ತಿನ ತಿಥಿಯನ್ನೂ ತಿಳಿದುಕೊಂಡಿದ್ದಳು. ಬುತ್ತಿ ಬಿಚ್ಚಿದಳು. ಅಂದಿನ ರೊಟ್ಟಿಗೆ ಏನೂ ಬರೆದಿರಲಿಲ್ಲ, ಎಳ್ಳನ್ನು ಎಲ್ಲರ ಹಾಗೆ ಉದುರಿಸಿದ್ದಳು. ಉಗುರಿನಿಂದ ಕಾಳು ಕಿತ್ತು, ಪಕ್ಕದಲ್ಲಿದ್ದ ಗಾಜಿನ ಹಲಗೆಗೆ ಬೆಲ್ಲದ ನೀರು ಸವರಿ, ಒಂದೊಂದೇ ಅಂಟಿಸಿದಳು. ಬೆರಳು ಆಡಿಸಿದಳು.

ಮಾಸ್ತರರು ತಲೆ ಎತ್ತಿದರು. "ಸೂಗಮ್ಮ ಬಾಗಿಲು ಒದೆಯಲಿಲ್ಲ," ಎಂದು ಓದಿದರು. ಹಾಲು ಉಸಿರು ಬಿಗಿಹಿಡಿಯಿತು. "ತಟ್ಟಿದಳು. ಒಳಗಿಂದ ತೆಗೆದವನು ಅವಳನ್ನು ನೋಡಿ ಮಾತು ಸತ್ತು ನಿಂತ. ಸೂಗಮ್ಮ ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತು, ಹಸಿವಾಗಿದೆ, ಬಡಿಸು, ಎಂದಳು."

ಎರಡು ನೂರು ಕೊಳವೆಗಳು ಒಟ್ಟಿಗೆ ಉಸಿರು ಬಿಟ್ಟವು. ಅಂದು ಬಂದಷ್ಟು ದುಂಡನೆಯ ಗಾಜು ಹಿಂದೆ ಬಂದಿರಲಿಲ್ಲ.

ಅದಾಗಿ ಆರು ವರ್ಷ. ಆ ಪುಸ್ತಕ ಎಂದೋ ಮುಗಿದಿದೆ. ಮಾಸ್ತರರ ತೊಡೆಯ ಮೇಲೆ ಈಗ ಇರುವುದು ಬರೀ ಕಾಗದ, ಒಂದು ಚುಕ್ಕಿಯೂ ಇಲ್ಲ. ಸೂಗಮ್ಮ ಈಗ ಮುದುಕಿ. ನಾಲ್ಕು ಹೊಳೆ ದಾಟಿದ್ದಾಳೆ, ಎರಡು ಗಂಡಂದಿರನ್ನು ಬಿಟ್ಟಿದ್ದಾಳೆ, ಸುಳ್ಳು ಹೇಳುವ ಒಬ್ಬ ಮಷೀನಿನವನನ್ನು ಕೆಸರಿಗೆ ನೂಕಿದ್ದಾಳೆ. ಪಡಸಾಲೆಯ ಹೆಂಗಸರು ಅಧ್ಯಾಯಗಳನ್ನು ಹಂಚಿಕೊಂಡು ಪಲ್ಯದ ಜೊತೆ ತಿನ್ನುತ್ತಾರೆ. ಅವರಿಗೆ ಎಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಗಂಡಸರಿಗೆ ಗೊತ್ತಿಲ್ಲ. ಇಷ್ಟು ಒಳ್ಳೆಯ ಪುಸ್ತಕ ಬರೆದ ಪುಣ್ಯಾತ್ಮ ಯಾರು ಎಂದು ಯಮನಪ್ಪ ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ನಾಚಿಕೊಳ್ಳುತ್ತೇನೆ. ಅರ್ಧ ಊರು ನನ್ನ ಮೇಲೆಯೇ ಅನುಮಾನ ಪಡುತ್ತಿದೆ.

ರೊಟ್ಟಿಯ ಮೇಲೆ ಬರೆದದ್ದು, ಸೂಜಿ ಆಳಕ್ಕೆ ಹೋದದ್ದು, ಹೆಬ್ಬೆಟ್ಟು ಒತ್ತಿದ್ದು ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಆ ಗಡಿಗೆಯ ತಳದಲ್ಲಿ ಇನ್ನೂ ಒಂದು ಚಮಚ ಲೋಳೆ ಉಳಿದಿತ್ತು. ಅದೇ ವಾರ ಖಾಲಿ ಗಡಿಗೆ ಒಡೆಯಲು ಹೋಗಿ ನನ್ನ ಬಲಗೈ ತೋರುಬೆರಳನ್ನೂ ಚೂರು ಕೊಯ್ದಿತ್ತು. ಕೈಗೆ ಗೀರೂ ಬಿದ್ದಿಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗುವವನು ಡಾಕ್ಟರಮ್ಮನ ಬಳಿ ಹೋಗುವುದು ಹೇಗೆ? ಕೊಳವೆ ಅಚ್ಚು ಹಾಕಿ, ಎಡಗೈಯಲ್ಲಿ ನಾನೇ ಹೊಲಿದುಕೊಂಡೆ. ಇದುವರೆಗೆ ಹೇಳಿದ್ದರಲ್ಲಿ ನಂಬಲಾಗದ್ದು ಇದೊಂದೇ, ಉಬ್ಬಿಸದೆ ಹೇಳಿದ್ದೂ ಇದೊಂದೇ. ಆ ಹತ್ತು ಸೂಜಿ ನನಗೂ ಬಿದ್ದವು. ಜೇಬಿನೊಳಗಿನ ಕೈ ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ಚುಕ್ಕಿ ಕಲಿಯಲು ಮೂರು ದಿನವಲ್ಲ, ಮೂರು ವರ್ಷ ಹಿಡಿಯಿತು. ಅಲ್ಲಿಯವರೆಗೂ ಏನೇನಾಯಿತು ಎಂಬುದನ್ನು ಮಾಸ್ತರರನ್ನು ಕಾಡಿ ಕಾಡಿ ತಿಳಿದುಕೊಂಡೆ, ಮೂರನೆಯ ಬೆರಳಿನ ಮಾತನ್ನು ಮಾತ್ರ ಅವರಿಗೂ ಹೇಳಲಿಲ್ಲ. ಅವರಿಬ್ಬರ ನಡುವೆ ನಾನಿರುವುದು ಯಾರಿಗೂ ಗೊತ್ತಿಲ್ಲ ಎಂದೇ ತಿಳಿದಿದ್ದೆ.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ, ಅಂಗಳದಲ್ಲಿ ಮರಕ್ಕೆ ಒರಗಿ, ಈ ಕಥೆಯನ್ನು ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತ ಕೂತಿದ್ದೆ. ಯೋಚಿಸುವಾಗ ಬೆರಳು ಎಲ್ಲೆಲ್ಲಿಗೋ ಹೋಗುತ್ತದೆ. ಅಷ್ಟರಲ್ಲಿ ತುದಿಯಲ್ಲಿ ಎಳ್ಳು ಏಳತೊಡಗಿತು. ಅಕ್ಷರ ಸ್ವಚ್ಛವಾಗಿತ್ತು, ಒಂದು ಕಾಳೂ ಸೊಟ್ಟ ಇರಲಿಲ್ಲ.

"ಗುರುಪಾದ, ಮೂಗಿನಾಗಿಂದ ಬೆರಳು ತಗಿ. ಮಾಸ್ತರು ಉಣ್ಣಾಕ ಕುಂತಾರ."